ವಸ್ತಿ ಬಸ್ಸಿನ ಮಾಮಾ

ನಮ್ಮ ಮಾಮಾನ ಬಂಗಲೆಯಷ್ಟು ದೊಡ್ಡ ಬಂಗಲೆ ಇಡೀ ಬೆಳಗಾವಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅದರ ಅಂಗಳದಲ್ಲಿ ಕೃಷ್ಣಾ ನದಿ ಹರಿಯುತ್ತದೆ. ಹಿತ್ತಲಲ್ಲಿ ಕಾಗವಾಡದ ದ್ರಾಕ್ಷಿ ತೋಟಗಳಿವೆ. ಕಿಟಕಿ ತೆರೆದರೆ ಒಂದು ದಿನ ಚಿಕ್ಕೋಡಿಯ ಗುಡ್ಡ ಕಾಣುತ್ತದೆ, ಇನ್ನೊಂದು ದಿನ ಅಥಣಿಯ ಬಯಲು. ಬಂಗಲೆಗೆ ಆರು ಗಾಲಿಗಳು. ಮುಂದಿನ ಬಲಗಡೆಯದರಲ್ಲಿ ಮಾತ್ರ ಗಾಳಿ ನಿಲ್ಲುವುದಿಲ್ಲ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು, ಅದರಲ್ಲೂ ವಸ್ತಿ ಬಸ್ಸಿನ ಡ್ರೈವರ್. ಸಂಜೆ ಚಿಕ್ಕೋಡಿ ಬಿಟ್ಟು, ಹಳ್ಳಿ ಮುಟ್ಟಿ, ರಾತ್ರಿ ಅಲ್ಲೇ ತಂಗಿ, ಬೆಳಗಾಗುತ್ತಲೇ ಹಾಲಿನ ಕ್ಯಾನು, ಕಾಲೇಜು ಹುಡುಗರು, ಕೋರ್ಟಿನ ತಾರೀಖಿನವರು ಎಲ್ಲರನ್ನೂ ತುಂಬಿಕೊಂಡು ತಿರುಗಿ ಬರುವ ಬಸ್ಸು ಅದು. ಡ್ರೈವರ್ ಮಲಗುವುದು ಬಸ್ಸಿನಲ್ಲೇ. ನೌಕರಿ ಇದ್ದಷ್ಟು ದಿನ ಮಾಮಾ ಸೀಟಿನ ಮೇಲೆ ಕಾಲು ಮಡಚಿಕೊಂಡೇ ನಿದ್ದೆ ಮಾಡಿದ. ನಿವೃತ್ತನಾದಾಗ ಜೊತೆಯವರು ಹಾರ ಹಾಕಿ, ಶಾಲು ಹೊದಿಸಿ, “ಇನ್ನರೆ ಮನ್ಯಾಗ ಹಾಯಾಗಿ ಮಲಗ್ರಿ” ಎಂದು ಹಾರೈಸಿ ಕಳಿಸಿದರು. ಅದೆಂಥ ಗಳಿಗೆಯಲ್ಲಿ ಹಾರೈಸಿದರೋ, ಮಾಮಾನ ನಿದ್ದೆ ಅಲ್ಲಿಗೇ ಮುಗಿಯಿತು.

ಮಂಚದ ಮೇಲೆ ಮಲಗಿ ನೋಡಿದ, ಬರಲಿಲ್ಲ. ಚಾಪೆ ಹಾಸಿ ನೋಡಿದ. ಮಾಳಿಗೆ ಹತ್ತಿ ನೋಡಿದ. ಡಾಕ್ಟರು ನಿದ್ದೆ ಗುಳಿಗೆ ಬರೆದುಕೊಟ್ಟರು. ಅದರ ಮೇಲೆ ನಂಬಿಕೆ ಬಾರದೆ ಮೊದಲು ಮಾಮಿಗೆ ಒಂದು ನುಂಗಿಸಿ ಪರೀಕ್ಷೆ ಮಾಡಿದ. ಮಾಮಿ ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದಳು. “ಗುಳಿಗಿ ಚಲೋ ಐತಿ, ಆದ್ರ ಅಡಗಿ ಮಾಡಾಕ ಯಾರೂ ಇರೂದಿಲ್ಲ” ಎಂದು ಮಾಮಾ ಆ ಚಿಕಿತ್ಸೆಯನ್ನು ಕೈಬಿಟ್ಟ.

ಆಮೇಲೆ ಒಂದು ಬೆಳಿಗ್ಗೆ ಮನೆ ಮುಂದೆ ಹಳದಿ ಬಸ್ಸೊಂದು ಬಂದು ನಿಂತಿತು. ಯಾವುದೋ ಶಾಲೆಯವರು ಸಾಕಾಗಿ ಮಾರಿದ ಹಳೇ ಗಾಡಿ. ಮಾಮಾ ಸ್ಟೇರಿಂಗಿನ ಹಿಂದೆ ಮದುಮಗನ ಹಾಗೆ ಕೂತಿದ್ದ. ಮಾಮಿ ಹೊರಗೆ ಬಂದು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬಸ್ಸನ್ನು ಒಂದು ಸುತ್ತು ಹಾಕಿದಳು. ಈಗ ಜಗಳ ಶುರು ಎಂದು ನೆರೆಯವರೆಲ್ಲ ಕಟ್ಟೆಗೆ ಬಂದು ಕೂತರು. ಪಾಪ, ಅವರ ಹೊತ್ತು ಹಾಳಾಯಿತು.

“ನಿಮ್ಮ ನೌಕರಿ ಮುಗಿಯೂತನಕ ನಾ ಒಬ್ಬಾಕಿನ ಮನ್ಯಾಗ ಮಲ್ಕೊಂಡೇನಿ” ಎಂದಳು ಮಾಮಿ. “ಇನ್ನ ನೀವೆಲ್ಲಿ ಮಲಗ್ತೀರಿ, ನಾನೂ ಅಲ್ಲೇ. ಆದ್ರ ಇದರಾಗ ಎಷ್ಟ ಹುಡುಗ್ರು ವಾಂತಿ ಮಾಡ್ಯಾವೋ ಏನೋ. ಮೊದಲ ತೊಳೀರಿ.”

ಮಾಮಾ ವಾರಗಟ್ಟಲೆ ತೊಳೆದ. ಮುಂದಿನ ಎರಡು ಸೀಟು ಬಿಟ್ಟು ಉಳಿದವನ್ನೆಲ್ಲ ಕಿತ್ತ. ಒಂದು ಮಂಚ, ಒಂದು ಗ್ಯಾಸಿನ ಒಲೆ, ಗೋಡೆಗೆ ಕಪಾಟು, ಮೇಲೆ ನೀರಿನ ಟಾಕಿ, ಕಿಟಕಿಗಳಿಗೆ ಮಾಮಿಯ ಹಳೇ ಇಳಕಲ್ ಸೀರೆಯ ಪರದೆ. ಚಿಕ್ಕೋಡಿಯ ಮನೆಯನ್ನು ಬಾಡಿಗೆಗೆ ಕೊಟ್ಟು ಇಬ್ಬರೂ ಬಸ್ಸು ಹತ್ತಿದರು.

ನಾನು ರಾಯಬಾಗದ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ಜಗತ್ತಿನ ಪ್ರತಿ ಮನುಷ್ಯನಿಗೂ ಒಂದು ವಿಳಾಸ, ಒಂದು ಪಿನ್ ಕೋಡು ಇರುತ್ತದೆಂಬ ನಂಬಿಕೆಯ ಮೇಲೆ ನನ್ನ ಅನ್ನ ನಡೆದಿದೆ. ಆ ನಂಬಿಕೆಗೆ ಕಲ್ಲು ಹಾಕಲು ಸ್ವಂತ ಸೋದರಮಾವನೇ ಬೇಕಿತ್ತೆ? ಬಂಧುಗಳು ಮದುವೆ ಪತ್ರಿಕೆಯ ಮೇಲೆ ಅವನ ಹೆಸರು ಬರೆದು, ಕೆಳಗೆ “ಎಲ್ಲಿದ್ದರೆ ಅಲ್ಲಿ” ಎಂದು ಸೇರಿಸಿ ನನಗೆ ಕಳಿಸತೊಡಗಿದರು. ಸಹೋದ್ಯೋಗಿಗಳಿಗೆ ಅದೊಂದು ಮೋಜು. “ಮೇಡಮ್ಮಾರ, ಇವತ್ತ ನಿಮ್ಮ ಮಾವನ ಮನಿ ಯಾವ ತಾಲೂಕಿನ್ಯಾಗ ಐತ್ರಿ?” ಎಂದು ಬೆಳಿಗ್ಗೆ ಹಾಜರಿ ಹಾಕುವ ಮೊದಲೇ ಕೇಳುತ್ತಿದ್ದರು.

ಬಸ್ಸಿನಲ್ಲಿ ಬದುಕುವುದಾದರೆ ಬದುಕಲಿ, ಯಾರು ಬೇಡವೆಂದರು? ತೊಂದರೆ ಏನೆಂದರೆ, ಬಸ್ಸು ಹತ್ತಿದ ದಿನದಿಂದ ಮಾಮಾ ಉಪದೇಶಕನಾದ. ಗಾಲಿಯ ಮೇಲೆ ಸಂಸಾರ ಮಾಡುವುದು ಹೇಗೆ ಎಂದು ಬ್ಯಾಂಕಿನ ಸಾಲಿನಲ್ಲಿ ನಿಂತವರಿಗೆ ಹೇಳುವುದು, ಪಾನಪಟ್ಟಿ ಅಂಗಡಿಯವನಿಗೆ ಹೇಳುವುದು, ಸತ್ತವರ ಮನೆಗೆ ಮಾತಾಡಿಸಲು ಹೋದಾಗ ಅಲ್ಲಿ ಅಳುತ್ತ ಕೂತವರಿಗೂ ಹೇಳುವುದು.

ಅವನ ಮೊದಲ ಉಪದೇಶ ಜಾಗದ್ದು. ಬಸ್ಸು ನಿಲ್ಲಿಸುವ ನೆಲ ರೊಟ್ಟಿ ಬಡಿಯುವ ಕಲ್ಲಿನಷ್ಟು ಸಮ ಇರಬೇಕು, ಇಲ್ಲದಿದ್ದರೆ ಮಲಗಿದಾಗ ರಕ್ತವೆಲ್ಲ ತಲೆಗೆ ಹರಿಯುತ್ತದೆ. ಪರೀಕ್ಷೆಗೆ ಬಸ್ಸಿನ ನಡುವೆ ಒಂದು ಬಟ್ಟಲಲ್ಲಿ ನೀರು ಇಡುತ್ತಾನೆ. ನೀರು ಒಂದು ಕಡೆ ವಾಲಿದರೆ ಗಾಲಿಗೆ ಕಲ್ಲು ಕೊಡಬೇಕು. ದಿಗ್ಗೇವಾಡಿಯಲ್ಲಿ ನದಿ ದಂಡೆಗೆ ನಿಲ್ಲಿಸಿದ ದಿನ ಈ ಪರೀಕ್ಷೆ ಮಧ್ಯಾಹ್ನ ಶುರುವಾಯಿತು. ಮುಂದಿನ ಗಾಲಿ ಎತ್ತಿದರೆ ಹಿಂದಿನದು ಇಳಿಯಿತು, ಎಡಕ್ಕೆ ಕಲ್ಲು ಕೊಟ್ಟರೆ ಬಲಕ್ಕೆ ವಾಲಿತು. ಹೊತ್ತು ಮುಳುಗುವ ಹೊತ್ತಿಗೆ ನೀರು ಕೊನೆಗೂ ಸಮನಾಗಿ ನಿಂತಿತು. ಮಾಮಾ ಗೆದ್ದವನಂತೆ ಒಳಗೆ ಬಂದರೆ, ಮಾಮಿ ಅಡಿಗೆ ಮಾಡಿ, ಉಂಡು, ಪಾತ್ರೆ ತೊಳೆದು, ಅದೇ ಬಟ್ಟಲಿನ ನೀರು ಕುಡಿದು ಮಲಗಿಬಿಟ್ಟಿದ್ದಳು.

ಎರಡನೆಯದು ಶೌಚದ್ದು. ನಿಪ್ಪಾಣಿಯಿಂದ ಅಥಣಿಯವರೆಗೆ ಯಾವ ಪೆಟ್ರೋಲ್ ಬಂಕಿನ ಶೌಚಾಲಯ ಚೊಕ್ಕ ಇದೆ, ಯಾವುದಕ್ಕೆ ಚಿಲಕವಿಲ್ಲ, ಯಾವುದರಲ್ಲಿ ನೀರು ಬೆಳಿಗ್ಗೆ ಮಾತ್ರ ಬರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬೇರೆಯವರು ದಾರಿ ಹೇಳುವಾಗ ಗುಡಿ, ಶಾಲೆ, ಆಲದ ಮರ ಹೇಳುತ್ತಾರೆ. ಮಾಮಾ ಹೇಳುವ ದಾರಿಯನ್ನು ಹೆಣ್ಣುಮಕ್ಕಳ ಮುಂದೆ ಹೇಳಲಿಕ್ಕೆ ಬರುವುದಿಲ್ಲ.

ಮೂರನೆಯದು ಅಡಿಗೆಯದು. ಗಾಡಿ ಹೊರಡುವ ದಿನ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಅಷ್ಟೇ. ಹರಿಯುವಂಥದ್ದು ಏನೂ ಇರಬಾರದು. ಈ ಕಾನೂನು ಹುಟ್ಟಿದ್ದು ಹೋಳಿಗೆ ಮಾಡಿದ ಒಂದು ಹಬ್ಬದ ದಿನ. ಅಂದು ಮಾಮಿ ಒಂದು ಬೋಗುಣಿ ಕಟ್ಟಿನ ಸಾರು ಮಾಡಿ ಆರಲಿಕ್ಕೆ ಇಟ್ಟಿದ್ದಳು. ಅಥಣಿ ರಸ್ತೆಯಲ್ಲಿ ಒಂದು ಕುರಿ ಹಿಂಡು ಅಡ್ಡ ಬಂತು. ಮಾಮಾ ಬ್ರೇಕ್ ಒತ್ತಿದ. ಬಸ್ಸು ನಿಂತಿತು, ಸಾರು ನಿಲ್ಲಲಿಲ್ಲ. ನೇರ ಬಂದು ಡ್ರೈವರನ ಅಂಗಿಯ ಕೊರಳೊಳಗೆ ಇಳಿಯಿತು.

ಮೈತುಂಬ ಸಾರು ಸುರಿದುಕೊಂಡು ಮಾಮಾ ಕೆಳಗಿಳಿದ. ಕುರಿಯವನನ್ನು ಬಯ್ಯುತ್ತಾನೆಂದು ಮಾಮಿ ತಿಳಿದಳು. ಇಲ್ಲ, ಅವನಿಗೂ ಉಪದೇಶ ಶುರುಮಾಡಿದ. ಹೊರಗೆ ಬದುಕುವುದು ಹೇಗೆ, ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿ ತಂಗುವುದು ಹೇಗೆ, ನೀರು ಮುಗಿಯುವ ಮೊದಲೇ ತುಂಬಿಕೊಳ್ಳುವುದು ಹೇಗೆ. ಅಜ್ಜ ಮುತ್ತಜ್ಜರ ಕಾಲದಿಂದ ಕುರಿಯ ಹಿಂದೆ ಊರೂರು ತಿರುಗಿದ ಮನುಷ್ಯ ಆತ. ಕೋಲಿನ ಮೇಲೆ ಗದ್ದ ಊರಿ ಎಲ್ಲವನ್ನೂ ಕೇಳಿದ. ಕೊನೆಗೆ ಮೆಲ್ಲಗೆ ಅಂದ: “ಖರೇರಿ ಅಣ್ಣಾರ. ಆದ್ರ ನೀವು ಮಾತಾಡೂದ್ರಾಗ ಕುರಿ ಎಲ್ಲಾ ನಿಮ್ಮ ಬಸ್ಸಿನ ಬುಡಕ ಹೊಕ್ಕು ನೆರಳಿಗೆ ಮಲ್ಕೊಂಡಾವ. ಇನ್ನ ಬಿಸಿಲ ಇಳಿಯೂತನಕ ಏಳೂದಿಲ್ರಿ.”

ಆ ದಿನ ಹೋಳಿಗೆ ಊಟ ರಸ್ತೆಯಲ್ಲೇ ಆಯಿತು. ಕುರಿಯವನೂ ಉಂಡ. ಸಾರು ಮಾತ್ರ ಇರಲಿಲ್ಲ.

ಬಸ್ಸಿಗೆ ಬೇರೆ ಬಣ್ಣ ಹೊಡೆಸು ಎಂದು ನಾವೆಲ್ಲ ಹೇಳಿದೆವು. “ಹಳದಿ ಶುಭ” ಎಂದು ಕೇಳಲಿಲ್ಲ. ಆ ಶುಭದ ಫಲ ಪಾಲಬಾವಿಯ ಹತ್ತಿರ ಸಿಕ್ಕಿತು. ಚಹಾ ಕುಡಿಯಲು ನಿಲ್ಲಿಸಿದ್ದಾಗ ಬೆನ್ನಿಗೆ ಚೀಲ ಹಾಕಿಕೊಂಡ ಎರಡು ಚಿಕ್ಕ ಮಕ್ಕಳು ಸರಸರನೆ ಹತ್ತಿ ಒಳಗೆ ಬಂದವು. ಮಾಮಿ ತಲೆ ಬಾಚಿಕೊಳ್ಳುತ್ತಿದ್ದಳು.

“ಆಂಟಿ, ಸೀಟ್ ಎಲ್ಲಿ ಹೋದ್ವು?” ಎಂದಿತು ಒಂದು.

“ಅಂಕಲ್ ತಿಂದಾರ” ಎಂದಳು ಮಾಮಿ.

ಮಕ್ಕಳು ನಂಬಿದವು. ಅವರ ತಾಯಿ ಕೆಳಗಿನಿಂದ ಟಾಟಾ ಮಾಡಿ ಆಗಲೇ ಮನೆಯ ಕಡೆ ತಿರುಗಿದ್ದಳು. ಮಾಮಿ ಇಬ್ಬರನ್ನೂ ಮಂಚದ ಮೇಲೆ ಕೂರಿಸಿ ಕೈಗೊಂದು ಶೇಂಗಾ ಹೋಳಿಗೆ ಕೊಟ್ಟಳು. ಹತ್ತಿದ ಪ್ರಯಾಣಿಕರನ್ನು ಇಳಿಸಿ ಗೊತ್ತಿಲ್ಲದ ಮಾಮಾ ಶಾಲೆ ಎಲ್ಲಿ ಎಂದು ಅವರನ್ನೇ ಕೇಳಿ, ಗೇಟಿನ ಮುಂದೆ ಬಿಟ್ಟು ಬಂದ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಅದೇ ಜಾಗದಲ್ಲಿ ಒಂದು ಗುಂಪು ಮಕ್ಕಳು ತಮ್ಮ ಶಾಲೆಯ ಬಸ್ಸು ಹತ್ತುವುದಿಲ್ಲವೆಂದು ಹಟ ಹಿಡಿದು ಕೂತಿದ್ದವಂತೆ. ಅವರಿಗೆ ಹೋಳಿಗೆ ಕೊಡುವ ಬಸ್ಸೇ ಬೇಕಂತೆ. ಮಾಮಾ ಬಹಳ ದಿನ ಆ ದಾರಿಯಲ್ಲಿ ತಲೆ ಹಾಕಲಿಲ್ಲ.

ಕೊಗನೊಳ್ಳಿಯ ಕಥೆ ಬೇರೆ. ಅಲ್ಲಿ ಹೆದ್ದಾರಿಯ ಮೇಲೆ ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ, ಸ್ವಲ್ಪ ಹಿಂದೆ ಬಂದರೆ ಕರ್ನಾಟಕ. ಮಾಮಾ ಧಾಬಾದ ಪಕ್ಕ ಬಸ್ಸು ನಿಲ್ಲಿಸಿ, ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ್ದ. ಒಬ್ಬ ಪೊಲೀಸ್ ಬಂದ.

“ಎಲ್ಲಿ ಇರೂದ್ರಿ, ಹಿರ್ಯಾರ?”

“ಇಲ್ಲೇ.”

“ಇಲ್ಲೇ ಅಂದ್ರ?”

“ಈಗ ನೀವು ನಿಂತೀರಲ್ಲ, ಅದ ನಮ್ಮ ಅಂಗಳ.”

ಪೊಲೀಸ್ ತನಗರಿವಿಲ್ಲದೆ ಎರಡು ಹೆಜ್ಜೆ ಹಿಂದೆ ಸರಿದ. ಒಳಗಿನಿಂದ ಮಾಮಿ, “ಬಿಸಿಲಾಗ ಯಾಕ ನಿಂತೀರಿ, ಚಪ್ಪಲಿ ಬಿಟ್ಟ ಒಳಗ ಬರ್ರಿ, ಚಾ ಇಟ್ಟೇನಿ” ಎಂದಳು. ಅವನದು ಬೂಟು. ಬಿಚ್ಚಿ ಒಳಗೆ ಬಂದ. ವಿಚಾರಣೆಗೆ ಬಂದವನು ಚಹಾ ಕುಡಿದು, ಮಂಚ ಒತ್ತಿ ನೋಡಿ, ಟಾಕಿ ಬಡಿದು ನೋಡಿ, ಇಂಥ ಗಾಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಮಾಮಾನಿಗೆ ಇಷ್ಟು ಸಾಕಲ್ಲವೇ? ಸಾಹೇಬರಿಂದ ಫೋನ್ ಬಂದು ಪೊಲೀಸ್ ಬೂಟು ಹುಡುಕುವವರೆಗೂ ಉಪದೇಶ ನಡೆಯಿತು. “ಪಾಪ, ಅಂವಗ ರಿಟೈರ್ ಆಗಾಕ ಇನ್ನೂ ಭಾಳ ವರ್ಷ ಅದಾವ” ಎಂದು ಮಾಮಾ ಈಗಲೂ ಮರುಗುತ್ತಾನೆ.

ಮಾಮಾನ ಮಗಳನ್ನು ನಿಪ್ಪಾಣಿಗೆ ಕೊಟ್ಟಿದೆ. ಮಗಳ ಮನೆಯಲ್ಲಿಯೂ ಮಾಮಾ ಮಲಗುವುದಿಲ್ಲ. ಅವರ ಓಣಿಯಲ್ಲಿ ಬಸ್ಸು ನಿಲ್ಲಿಸಿದ್ದಕ್ಕೆ ಇಡೀ ಓಣಿಯ ಮೋಟಾರ್ ಸೈಕಲ್ಲುಗಳು ಒಳಗೇ ಸಿಕ್ಕಿಬಿದ್ದು ಗದ್ದಲವಾಯಿತು. ಬೀಗಿತಿ, “ನಮ್ಮ ಮನ್ಯಾಗ ಜಾಗಾ ಇಲ್ಲೇನ್ರಿ?” ಎಂದು ಮುನಿಸಿಕೊಂಡಳು. ಮಾಮಾ ಬಸ್ಸು ತೆಗೆದುಕೊಂಡು ಹೋಗಿ ಒಂದು ತಂಬಾಕಿನ ಗೋದಾಮಿನ ಗೋಡೆಗೆ ನಿಲ್ಲಿಸಿದ. ಶಾಂತವಾದ ಜಾಗ, ನೆಲವೂ ಸಮ, ಬಟ್ಟಲಿನ ನೀರೂ ಅಲುಗಲಿಲ್ಲ. ಆದರೆ ಗಂಡ ಹೆಂಡತಿ ಬೆಳಗಿನವರೆಗೆ ಒಬ್ಬರಾದ ಮೇಲೆ ಒಬ್ಬರು ಸೀನಿದರು. ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಚಹಾಕ್ಕೆ ಹೋದಾಗ ಬೀಗಿತಿ ಬಹಳ ವಿನಯದಿಂದ ಕೇಳಿದಳಂತೆ: “ನಿದ್ದಿ ಹತ್ತಿತೇನ್ರಿ? ನೀವು ಸೀನೂದು ನಮ್ಮ ಮನಿತನಕ ಕೇಳಸ್ತಿತ್ತು.”

ನಮ್ಮ ಮನೆಗೆ ಬಂದರೂ ಇದೇ ಪಾಡು. ಬಸ್ಸು ಹೊರಗೆ ನಿಲ್ಲುತ್ತದೆ. “ನಾವು ಯಾರಿಗೂ ತ್ರಾಸ ಕೊಡೂ ಮಂದಿ ಅಲ್ಲ” ಎನ್ನುತ್ತಾನೆ. ಆಮೇಲೆ ಮೊದಲು ಕರೆಂಟಿನ ವೈರು ಹೋಗುತ್ತದೆ, ನಂತರ ನೀರಿನ ಪೈಪು, ನಂತರ ಮಜ್ಜಿಗೆ, ಕರಿಬೇವು, ಮಿಕ್ಸರು, ಎರಡು ದಿಂಬು. ಬಸ್ಸಿನಲ್ಲಿ ಒಂದು ತಂಬಿಗೆ ನೀರಿನಲ್ಲಿ ಸ್ನಾನ ಮುಗಿಸುವ ವ್ರತ ಹಿಡಿದ ಮಾಮಿ ನಮ್ಮ ಬಚ್ಚಲಿಗೆ ಹೋದರೆ ಹಂಡೆ ಬರಿದು ಮಾಡಿಯೇ ಹೊರಗೆ ಬರುವುದು. ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಲೆಕ್ಕ ತಪ್ಪುವುದಿಲ್ಲ. “ನಿಮ್ಮ ಮಾಮಾ ನಮ್ಮ ಮನ್ಯಾಗ ಉಳ್ಯೂದಿಲ್ಲ ಖರೆ. ನಮ್ಮ ಮನೀನ ಬಸ್ಸಿನ್ಯಾಗ ತುಂಬ್ಕೊಂಡ ಹೋಗ್ತಾನಷ್ಟ” ಎನ್ನುತ್ತಿದ್ದರು. ಅವರಿಬ್ಬರದೂ ಹೀಗೆಯೇ. ಮಾಮಾ ಉಪದೇಶ ಮಾಡುವುದು, ಇವರು ಗಂಭೀರವಾಗಿ ಪ್ರಶ್ನೆ ಕೇಳುವುದು. “ಮಾಮಾ, ಬಸ್ಸಿಗೆ ವಾಸ್ತು ನೋಡೂದು ನಿಂತಾಗೋ, ಓಡೂವಾಗೋ?”

ಕಬ್ಬಿನ ಹಂಗಾಮು ಶುರುವಾದ ಹೊತ್ತಿನಲ್ಲಿ ನನ್ನ ಗಂಡನಿಗೆ ಹೊಟ್ಟೆನೋವು ಬಂತು. ಆಸಿಡಿಟಿ ಎಂದು ಸೋಡಾ ಕುಡಿದರು, ಶಾಲೆಗೂ ಹೋದರು. ಸಂಜೆ ಮನೆಗೆ ಬಂದವರು ಬಾಗಿಲಲ್ಲೇ ಕುಸಿದು ಕೂತರು. ರಾಯಬಾಗದ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, “ತಡಾ ಮಾಡಬ್ಯಾಡ್ರಿ, ಮಿರಜಕ್ಕ ಒಯ್ರಿ” ಎಂದರು. ಕರುಳಿಗೆ ತೂತು ಬಿದ್ದು ಒಳಗೆಲ್ಲ ನಂಜಾಗಿತ್ತು. ಮಿರಜದಲ್ಲಿ ಆಪರೇಷನ್ ಮಾಡಿದರು. ಮುಗಿಸಿ ಹೊರಗೆ ಬಂದ ಡಾಕ್ಟರು ನನಗೆ, “ನಮ್ಮ ಕೆಲಸ ನಾವು ಮಾಡೇವಿ. ಈಗ ಕಾಯಬೇಕು” ಎಂದಷ್ಟೇ ಹೇಳಿದರು.

ಐಸಿಯು ಒಳಗೆ ನನ್ನನ್ನು ಬಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ. ಅವ್ವ ಮಾಮಾನಿಗೆ ಫೋನ್ ಮಾಡಿದ್ದಳೆಂದು ಕಾಣುತ್ತದೆ. ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ಹೊರಗಿನ ರಸ್ತೆಯಲ್ಲಿ ಹಳದಿ ಬಸ್ಸು ನಿಂತಿತ್ತು. ಮಾಮಾ ನನ್ನ ಹತ್ತಿರ ಬಂದ. ಇನ್ನು ದವಾಖಾನೆಯಲ್ಲಿ ಇರುವುದು ಹೇಗೆ ಎಂದು ಶುರುಮಾಡುತ್ತಾನೆ, ಇವತ್ತು ಏನಾದರೂ ಅಂದುಬಿಡುತ್ತೇನೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತೆ. ಅವನು ನನ್ನ ಪಕ್ಕದಲ್ಲಿ ಕೂತ. ಬಹಳ ಹೊತ್ತಾದ ಮೇಲೆ, “ಹೋಗಿ ಮಲ್ಕೊ ತಂಗಿ. ನಾ ಇಲ್ಲೇ ಕುಂಡರ್ತೀನಿ” ಎಂದ.

ಆಮೇಲೆ ಎಷ್ಟೋ ದಿನ ನಾನು ಮಲಗಿದ್ದು, ಎದ್ದದ್ದು, ಸೀರೆ ಬದಲಿಸಿದ್ದು ಎಲ್ಲ ಆ ಬಸ್ಸಿನಲ್ಲಿ. ಮಾಮಿ ಬಿಸಿ ಅನ್ನ ಮಾಡಿ ನಾನು ಉಣ್ಣುವವರೆಗೂ ಎದುರಿಗೆ ಕೂರುತ್ತಿದ್ದಳು. ಮೆಟ್ಟಿಲ ಮೇಲೆ ಇದ್ದ ಇನ್ನೊಬ್ಬ ಹೆಣ್ಣುಮಗಳನ್ನೂ ಕರೆತಂದು ಉಣಿಸುತ್ತಿದ್ದಳು. ಮಾಮಾ ಮಾತ್ರ ಬಸ್ಸಿನಲ್ಲಿ ಮಲಗಲಿಲ್ಲ. ಆ ಮೆಟ್ಟಿಲ ಮೇಲೇ ಇದ್ದ.

ಕಣ್ಣು ಬಿಟ್ಟ ದಿನ, ನನ್ನನ್ನು ಒಳಗೆ ಬಿಟ್ಟಾಗ, ನನ್ನ ಗಂಡ ಆಡಿದ ಮೊದಲ ಮಾತು ಇದು: “ಹೊರಗ ನಿಮ್ಮ ಮಾಮಾ ಹಾರ್ನ್ ಹೊಡ್ಯಾಕತ್ತಾನ. ದವಾಖಾನಿ ಮುಂದ ಹೊಡೀಬಾರ್ದಂತ ಹೇಳ.” ನಾನು ಹೊರಗೆ ಓಡಿ ಬಂದು ಮಾಮಾನಿಗೆ ಹೇಳಿದೆ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. “ನಾ ಹೊಡದಿಲ್ಲ ಬೇ. ಹಾರ್ನ್ ಕೆಟ್ಟು ವರ್ಷಾತು” ಎಂದ.

ಮನೆಗೆ ಬಿಡುವ ದಿನ ಡಾಕ್ಟರು, ಹೊಲಿಗೆ ಇನ್ನೂ ಹಸಿ ಇದೆ, ಗಾಡಿ ಕುಲುಕಬಾರದು ಎಂದು ಮತ್ತೆ ಮತ್ತೆ ಹೇಳಿದರು. ನಾನು ಆಂಬುಲೆನ್ಸ್ ಕರೆಯುತ್ತೇನೆಂದೆ. ಮಾಮಾ ಒಪ್ಪಲಿಲ್ಲ.

“ಅವ್ರಿಗೆ ಲಗೂನ ಮುಟ್ಟಸೂದು ಗೊತ್ತು. ಇವ್ರನ್ನ ಸಾವಕಾಶ ಮುಟ್ಟಸ್ಬೇಕು.”

ಮಂಚದ ಮೇಲೆ ನನ್ನ ಗಂಡನನ್ನು ಮಲಗಿಸಿದೆವು. ಹೊಟ್ಟೆ ಅಲುಗದ ಹಾಗೆ ಮಾಮಿ ಒಂದು ಕಡೆ ದಿಂಬು ಒತ್ತಿ ಹಿಡಿದಳು, ಇನ್ನೊಂದು ಕಡೆ ನಾನು. ಬಸ್ಸು ಹೊರಟಿತು. ಹೊರಟಿತೋ ಇಲ್ಲವೋ ತಿಳಿಯಲು ಕಿಟಕಿಯಾಚೆ ನೋಡಬೇಕಾಯಿತು. ಮಾಮಾ ತಗ್ಗುಗಳನ್ನು ಒಂದೊಂದಾಗಿ ತಪ್ಪಿಸಿದ. ತಪ್ಪಿಸಲಾಗದ ಕಡೆ ಒಂದು ಗಾಲಿ ಇಳಿಸಿ, ಅದು ನೆಲ ಮುಟ್ಟಿದ ಮೇಲೆ ಇನ್ನೊಂದನ್ನು ಇಳಿಸಿದ. ರಸ್ತೆ ಉಬ್ಬುಗಳನ್ನು ಬಸ್ಸು ಬಸುರಿ ಹೆಂಗಸಿನ ಹಾಗೆ ಹತ್ತಿ ಇಳಿಯಿತು. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಕಾಗವಾಡ ದಾಟಿದ ಮೇಲೆ ಎರಡೆರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳೂ ದಾಟಿ ಹೋದವು. ಈ ಸೀಮೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರುಂಟು, ಅದಕ್ಕಿಂತಲೂ ಹಿಂದೆ ಬಿದ್ದವರು ನಾವೇ ಮೊದಲು. ಒಬ್ಬ ಚಾಲಕ ಬಗ್ಗಿ, “ಅಜ್ಜಾ, ಇಳದ ನೂಕ್ಲೇನು?” ಎಂದು ಕೂಗಿದ. ಉತ್ತರ ಕೊಡದೆ ಯಾರನ್ನೂ ಬಿಡದ ಮಾಮಾ ಕೈ ಹೊರಗೆ ಹಾಕಿ, ಮುಂದೆ ಹೋಗು ಎಂದು ಸನ್ನೆ ಮಾಡಿದ. ಅವನ ಕಣ್ಣು ರಸ್ತೆಗೆ ಒಮ್ಮೆ, ತಲೆಯ ಮೇಲಿನ ಕನ್ನಡಿಗೆ ಒಮ್ಮೆ ಹೋಗುತ್ತಿತ್ತು. ಕನ್ನಡಿಯಲ್ಲಿ ನನ್ನ ಗಂಡನ ಮುಖವಿತ್ತು. ಕುಡಚಿ ಸೇತುವೆಯ ಮೇಲೆ ಬರುವ ಹೊತ್ತಿಗೆ ಆ ಮುಖಕ್ಕೆ ನಿದ್ದೆ ಬಂದಿತ್ತು. ಆಪರೇಷನ್ ಆದ ಮೇಲೆ ಗುಳಿಗೆ ಇಲ್ಲದೆ ಬಂದ ಮೊದಲ ನಿದ್ದೆ ಅದು.

ರಾಯಬಾಗದಲ್ಲಿ ನಮ್ಮ ಮನೆಯ ಮುಂದೆ ಬಸ್ಸು ನಿಂತಿತು. ನಾನು ಕೀಲಿಕೈ ತೆಗೆದು ಏಳಲು ಹೋದೆ. ಮಾಮಾ ಕನ್ನಡಿಯಲ್ಲೇ ಬೇಡವೆಂದು ತಲೆಯಾಡಿಸಿದ. ಎಂಜಿನ್ ಬಂದ್ ಮಾಡಿರಲಿಲ್ಲ.

“ಎಂಜಿನ್ ನಿಂತ್ರ ಬಸ್ಸಿನ್ಯಾಗ ಮಲಗಿದವ್ರಿಗೆ ಎಚ್ಚರಾಕ್ಕೈತಿ” ಎಂದ ಪಿಸುದನಿಯಲ್ಲಿ. “ಮಲಗ್ಲಿ ಬಿಡ.”

ನೆರೆಯವರು ಬಾಗಿಲಿಗೆ ಬಂದರು. ಮಾಮಿ ತುಟಿಯ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಾಗಿಸಿದಳು. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಮನೆ ಅಲ್ಲೇ ಇತ್ತು, ಕೈ ಚಾಚಿದರೆ ಕಟ್ಟೆ ಸಿಗುವಷ್ಟು ಹತ್ತಿರ. ಮಾಮಾ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು, ಇನ್ನೂ ದಾರಿ ಬಹಳ ಇದೆ ಎಂಬಂತೆ ಮುಂದೆ ನೋಡುತ್ತ ಕೂತಿದ್ದ. ನಾವು ಯಾರೂ ಇಳಿಯಲಿಲ್ಲ.